ಮೆಟ್ಟಿಲ ಬುಡದಲ್ಲಿ ನಿಂತವನು

ಸ್ಪಿರಿಟ್ಟಿನ ವಾಸನೆ ಎಂದರೆ ಅವನಿಗೆ ಅಪ್ಪ. ಅಪ್ಪ ಆಸ್ಪತ್ರೆಯಲ್ಲಿ ಕಾಂಪೌಂಡರ್. ಮನೆಗೆ ಬಂದು ಎಷ್ಟು ತಿಕ್ಕಿ ತೊಳೆದರೂ ಬೆರಳ ಸಂದಿಯಲ್ಲಿ ಆ ತಣ್ಣನೆಯ, ಮೂಗಿಗೆ ಚುರುಕ್ಕೆನ್ನುವ ವಾಸನೆ ಉಳಿದೇ ಇರುತ್ತಿತ್ತು. ಆ ಕೈ ಹಣೆ ಮುಟ್ಟಿತೆಂದರೆ ಜ್ವರ ಹೆದರಿ ಓಡುತ್ತದೆಂದು ಹುಡುಗ ನಂಬಿದ್ದ.

ಹುಡುಗ ಬೆಳೆದು ಫುಟ್‌ಬಾಲ್ ಆಟಗಾರನಾದ ಮೇಲೆ ಅದೇ ವಾಸನೆ ಡ್ರೆಸ್ಸಿಂಗ್ ರೂಮಿನಲ್ಲಿ ಎದುರಾಯಿತು. ದೊಡ್ಡ ಪಂದ್ಯದ ದಿನ ಊದಿದ ಮಂಡಿಗೆ ಸ್ಪಿರಿಟ್ ಒರೆಸಿ ಒಂದು ಸೂಜಿ ಚುಚ್ಚುತ್ತಿದ್ದರು. ನೋವು ಮಾಯ. ಅವನು ಜಿಂಕೆಯಂತೆ ಓಡಿದ, ಗೋಲು ಹೊಡೆದ, ಜನ ಹೆಗಲ ಮೇಲೆ ಹೊತ್ತು ಮೆರೆಸಿದರು. ಹೀಗೆ ಮಾಯ ಮಾಡಿಸಿಕೊಂಡು ಮಾಡಿಸಿಕೊಂಡು, ಜೊತೆಯವರು ಇನ್ನೂ ಹುಮ್ಮಸ್ಸಿನಿಂದ ಆಡುತ್ತಿದ್ದಾಗಲೇ ಮಂಡಿ ಅವನಿಗೆ ಕೈಕೊಟ್ಟಿತು. ಈಗ ಆ ಕಾಲು ಪೂರ್ತಿ ಮಡಚುವುದಿಲ್ಲ. ಆಟ ಬಿಟ್ಟವನು ತಂಡದ ಮ್ಯಾನೇಜರ್ ಆದ.

ಪಂದ್ಯದ ದಿನ ಅವನದೊಂದು ಪದ್ಧತಿಯಿತ್ತು. ಆಟಗಾರರು ಉಳಿದುಕೊಳ್ಳುವ ಕೋಣೆಗಳು ಮೈದಾನದ ಕಟ್ಟಡದ ಮೇಲಂತಸ್ತಿನಲ್ಲಿದ್ದವು. ಅವರು ಕೆಳಗಿಳಿದು ಬರುವ ಹೊತ್ತಿಗೆ ಇವನು ಮೆಟ್ಟಿಲ ಬುಡದಲ್ಲಿ ಚಹಾದ ಲೋಟ ಹಿಡಿದು, ಯಾರನ್ನೂ ನೋಡದವನ ಹಾಗೆ ನಿಂತಿರುತ್ತಿದ್ದ. ಹತ್ತುವಾಗ ಯಾರು ಬೇಕಾದರೂ ನಟಿಸಬಹುದು, ಇಳಿಯುವಾಗ ಮಂಡಿ ಸುಳ್ಳು ಹೇಳುವುದಿಲ್ಲ ಎನ್ನುವುದು ಅವನು ತನ್ನ ಮೈಯಿಂದಲೇ ಕಲಿತ ಪಾಠ.

ಅಂದಿನದು ವರ್ಷದ ಕೊನೆಯ ಪಂದ್ಯ. ಗೆದ್ದರೆ ತಂಡ ಇದ್ದ ದರ್ಜೆಯಲ್ಲೇ ಉಳಿಯುತ್ತದೆ, ಇಲ್ಲವಾದರೆ ಕೆಳಗಿನ ದರ್ಜೆಗೆ. ಗೆಲ್ಲಿಸಬಲ್ಲವನು ಒಬ್ಬನೇ: ಮ್ಯಾನೇಜರನ ಅಕ್ಕನ ಮಗ. ಚೆಂಡು ಕಂಡಲ್ಲಿ ಚಂಗನೆ ನೆಗೆಯುತ್ತಾನೆಂದು ಎಲ್ಲರೂ ಅವನನ್ನು ಮಿಡತೆ ಎಂದೇ ಕರೆಯುತ್ತಿದ್ದರು. ಸೇರಿಸಿಕೊಳ್ಳಬಹುದೇ ಎಂದು ಅವನ ಆಟ ನೋಡಲು ದೊಡ್ಡ ತಂಡವೊಂದರಿಂದ ಜನ ಬಂದಿದ್ದರು.

ಕೆಲವು ವಾರಗಳಿಂದ ಕಂಬಿ ಹಿಡಿದು ಇಳಿಯುತ್ತಿದ್ದ ಮಿಡತೆ ಅಂದು ಎರಡೆರಡು ಮೆಟ್ಟಿಲು ದಾಟಿಕೊಂಡು, ಸಿಳ್ಳೆ ಹಾಕುತ್ತ ಇಳಿದು ಬಂದ. ಮ್ಯಾನೇಜರ್ ಚಹಾದ ಲೋಟ ಕೆಳಗಿಟ್ಟ.

"ನಿಂತ್ಕೋ."

"ಏನ್ ಸರ್?" ಮೈದಾನದಲ್ಲಿ ಸರ್, ಮನೆಯಲ್ಲಿ ಮಾವ, ಇದು ಇಬ್ಬರ ನಡುವಿನ ಒಪ್ಪಂದ.

"ನಿನ್ನೆವರೆಗೂ ತೆವಳ್ತಿದ್ದೆ. ಇವತ್ತು ಆಡಿನ ಮರಿ ಥರ ನೆಗೀತಿದ್ದೀಯಲ್ಲ."

"ವಾಸಿಯಾಯ್ತು ಸರ್. ನಂದೇನು ನಿಮ್ಮ ವಯಸ್ಸಾ?"

ನಗುತ್ತ ಪಕ್ಕದಲ್ಲಿ ಹಾದುಹೋದವನಿಂದ ಆ ತಣ್ಣನೆಯ ವಾಸನೆ ಬಂತು. ಮ್ಯಾನೇಜರ್ ಅವನ ತೋಳು ಹಿಡಿದ.

"ಯಾರು ಚುಚ್ಚಿದ್ದು?"

ನಗು ನಿಂತಿತು. "ಕ್ಲಬ್ ಅಧ್ಯಕ್ಷರು ಅವರ ಡಾಕ್ಟರನ್ನ ಕಳ್ಸಿದ್ರು. ನಾನೇ ಹೂಂ ಅಂದೆ." ಆಮೇಲೆ ದನಿ ತಗ್ಗಿಸಿ, "ಮಾವ, ಇವತ್ತೊಂದಿನ. ಆಟ ನೋಡೋಕೆ ಬಂದಿರೋರು ಮತ್ತೆ ಬರಲ್ಲ" ಎಂದ.

ಮ್ಯಾನೇಜರ್ ಆಡುವವರ ಹೆಸರು ಓದಿದಾಗ ಮಿಡತೆಯ ಹೆಸರು ಇರಲಿಲ್ಲ. ಬದಲಿ ಆಟಗಾರರ ಪಟ್ಟಿಯಲ್ಲಿತ್ತು. ಸುದ್ದಿ ತಿಳಿದ ಕ್ಲಬ್ಬಿನ ಅಧ್ಯಕ್ಷರು ಮೊಗಸಾಲೆಯಲ್ಲಿ ಮ್ಯಾನೇಜರನನ್ನು ಅಡ್ಡಗಟ್ಟಿದರು.

"ಅಳಿಯನ ಮೇಲೆ ಅಷ್ಟು ಮುದ್ದಿದ್ರೆ ಮನೇಲಿ ಇಟ್ಕೊಳ್ಳಿ. ಅವನು ಇವತ್ತು ಆಡ್ಲಿಲ್ಲ, ನಾವು ಸೋತ್ವಿ ಅಂದ್ರೆ ನಾಳೆಯಿಂದ ನೀವೂ ಬರೋದು ಬೇಡ."

ಅಷ್ಟರಲ್ಲಿ ಗ್ಯಾಲರಿಯಿಂದ ಅಕ್ಕನ ಫೋನು. "ಯಾಕೋ ಅವನನ್ನ ಕೂರ್ಸಿದ್ದೀಯ? ನಿನ್ನ ಕಾಲು ಹೋಯ್ತು ಅಂತ ನನ್ನ ಮಗನ ಕಾಲೂ ಕಟ್ಟಿ ಹಾಕ್ತೀಯಾ?" ಅಷ್ಟು ಹೇಳಿ ಅವಳು ಫೋನ್ ಇಟ್ಟಳು.

ಪಂದ್ಯ ಶುರುವಾಯಿತು. ಎದುರಾಳಿಗಳಿಗೆ ಸಮವಾದರೂ ಸಾಕಿತ್ತು. ಅವರು ಗೋಲಿನ ಮುಂದೆ ಗೋಡೆ ಕಟ್ಟಿ ನಿಂತುಬಿಟ್ಟರು. ವಿರಾಮ ಕಳೆಯಿತು, ಗೋಲಿಲ್ಲ. ಗ್ಯಾಲರಿ ಒಂದೇ ದನಿಯಲ್ಲಿ "ಮಿಡತೆ, ಮಿಡತೆ" ಎಂದು ಕೂಗತೊಡಗಿತು. ಮ್ಯಾನೇಜರನ ಮಂಡಿ ಸೆಟೆದುಕೊಂಡಿದ್ದನ್ನು ಕಂಡ ಸಹಾಯಕ, ಕಾಲು ಚಾಚಿಡಲೆಂದು ಒಂದು ಚೀಲವನ್ನು ಅವನ ಕಾಲಿನಡಿಗೆ ಸರಿಸಿದ. ಆಮೇಲೆ ಮೆಲ್ಲಗೆ, "ಕೊನೇ ಹತ್ತು ನಿಮಿಷ ಬಿಡೋಣ ಸರ್. ಹತ್ತು ನಿಮಿಷಕ್ಕೆ ಏನಾಗುತ್ತೆ?" ಎಂದ.

ಏನಾಗುತ್ತದೆ ಎಂದು ಮ್ಯಾನೇಜರನಿಗೆ ಗೊತ್ತಿತ್ತು. ಆದರೂ ಮನಸ್ಸು ಜಾರಿತು. ಈ ಕೆಲಸ ಹೋದರೆ ಅವನಿಗೆ ಬೇರೆ ವಿದ್ಯೆ ಬಾರದು. ಜೊತೆಗೆ ಅಕ್ಕನ ಮಾತು ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ನಿಜವಾಗಿಯೂ ಹೊಟ್ಟೆಕಿಚ್ಚೇ ಇದ್ದರೆ? ಅವನು ಮಿಡತೆಯನ್ನು ಕರೆದ.

ಮಿಡತೆ ಜಾಕೆಟ್ ಕಿತ್ತೆಸೆದು ಓಡಿಬಂದು ಗೆರೆಯ ಬಳಿ ನಿಂತ. ಗ್ಯಾಲರಿ ಎದ್ದು ಕುಣಿಯಿತು. ಬದಲಿ ಆಟಗಾರನ ಸಂಖ್ಯೆ ತೋರಿಸುವ ಅಧಿಕಾರಿ ಫಲಕ ಹಿಡಿದು ಸಿದ್ಧನಾದ. ಮ್ಯಾನೇಜರ್ ಕಷ್ಟಪಟ್ಟು ಬಗ್ಗಿ, ಹುಡುಗನ ಸಾಕ್ಸನ್ನು ಮೇಲೆಳೆಯುವವನಂತೆ ಅವನ ಮಂಡಿಯ ಬದಿಗೆ ಹೆಬ್ಬೆರಳಿಟ್ಟ. ಉಗುರನ್ನು ಒತ್ತಿದ. ಇನ್ನೂ ಒತ್ತಿದ. ಮಿಡತೆಯ ಕಣ್ಣು ಚೆಂಡಿನ ಮೇಲೇ ಇತ್ತು.

"ನಾನೇನ್ ಮಾಡ್ತಿದೀನಿ ಹೇಳು?"

"ಸಾಕ್ಸ್ ಎಳೀತಿದ್ದೀರ. ಬೇಗ ಸರ್, ಚೆಂಡು ಹೊರಗೆ ಹೋಯ್ತು."

"ಕೆಳಗೆ ನೋಡು."

ಮಿಡತೆ ನೋಡಿದ. ಚರ್ಮದಲ್ಲಿ ಉಗುರು ಅರ್ಧ ಹೂತಿತ್ತು. ಅಂಚಿನಲ್ಲಿ ರಕ್ತ ಜಿನುಗುತ್ತಿತ್ತು. ಅವನ ಮುಖದ ಬಣ್ಣ ಬದಲಾಯಿತು.

"ನಾಳೆ ನೋಯುತ್ತೆ, ಅಷ್ಟೇ ತಾನೆ? ನನ್ನ ಕಾಲು, ನನ್ನಿಷ್ಟ ಮಾವ."

"ಅದು ಮುರಿದ್ರೂ ನಿಂಗೆ ಗೊತ್ತಾಗಲ್ಲ ಕಣೋ. ನೀನು ಆಡ್ತಾನೇ ಇರ್ತೀಯ. ನಾನು ಆಡಿದ್ನಲ್ಲ, ಹಾಗೆ." ಮ್ಯಾನೇಜರ್ ನೆಟ್ಟಗಾದ. "ಹೋಗಿ ಕೂತ್ಕೋ."

"ಮಾವ."

"ಕೂತ್ಕೋ ಅಂದೆ."

ಅಧಿಕಾರಿಗೆ ಬೇರೆ ಸಂಖ್ಯೆ ಹೇಳಿ, ಅದು ಫಲಕದಲ್ಲಿ ಕಂಡಾಗ ಗ್ಯಾಲರಿ ಬೊಬ್ಬೆ ಹಾಕಿತು. ಆಮೇಲೆ ಬೈಗುಳದ ಮಳೆ. ನೀರಿನ ಬಾಟಲಿಯೊಂದು ಅವನ ಬೆನ್ನಿಗೆ ಬಂದು ಬಡಿಯಿತು. ಅವನು ತಿರುಗಿ ನೋಡಲಿಲ್ಲ. ಕೊನೆಗಳಿಗೆಯಲ್ಲಿ ತಮ್ಮ ತಂಡದ ನಾಯಕ ಹೊಡೆದ ಚೆಂಡು ಕಂಬಕ್ಕೆ ಬಡಿದು ಹಿಂದಿರುಗಿತು. ಕೊನೆಯ ಸೀಟಿ ಕೇಳಿತು. ಗೋಲಿಲ್ಲದ ಸಮ. ತಂಡ ಕೆಳಗಿನ ದರ್ಜೆಗೆ ಇಳಿಯಿತು. ಸೋತಂತೆಯೇ ಲೆಕ್ಕ.

ಅಧ್ಯಕ್ಷರು ಎದುರಿಗೇ ಹಾದುಹೋದರು, ಮುಖ ನೋಡಲಿಲ್ಲ. ಮ್ಯಾನೇಜರ್ ತನ್ನ ಪುಟ್ಟ ಕಚೇರಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ಗೋಡೆಯ ಫೋಟೋ ಇಳಿಸಿದ, ಹಳೆಯ ಬೂಟುಗಳನ್ನು ಚೀಲಕ್ಕೆ ತುರುಕಿದ. ಆಚೆ ಊಟದ ಕೋಣೆಯಲ್ಲಿ ಆಟಗಾರರ ತಟ್ಟೆಗಳ ಸದ್ದು ಕೇಳುತ್ತಿತ್ತು. ಯಾವ ಮುಖ ಹೊತ್ತು ಅವರ ನಡುವೆ ಹೋಗಿ ಕೂರುವುದು? ಹೊಟ್ಟೆ ಚುರುಗುಡುತ್ತಿದ್ದರೂ ಅವನು ಕುರ್ಚಿ ಬಿಟ್ಟು ಏಳಲಿಲ್ಲ.

ಬಾಗಿಲು ಸರಿಯಿತು. ಮಿಡತೆ. ಸೂಜಿಮದ್ದಿನ ಪ್ರಭಾವ ಇಳಿದಿತ್ತು, ಮಂಡಿ ಊದಿಕೊಂಡಿತ್ತು. ಒಂದು ಕೈಯಲ್ಲಿ ಗೋಡೆ ಹಿಡಿದು, ಹಲ್ಲು ಕಚ್ಚಿಕೊಂಡು ಕುಂಟುತ್ತ ಬಂದ. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ಅವನು ಮಾವನ ಮುಖ ನೋಡಲಿಲ್ಲ. ಇನ್ನೊಂದು ಕೈಯಲ್ಲಿದ್ದ ತಟ್ಟೆಯಲ್ಲಿ ಬಿಸಿ ಅನ್ನ, ಬೇಯಿಸಿದ ತರಕಾರಿ, ಒಂದು ಮೊಟ್ಟೆ. ಮೇಜಿನ ಮೇಲಿದ್ದ ಚೀಲವನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ ತಟ್ಟೆಯಿಟ್ಟ. ಅದರಲ್ಲಿದ್ದ ಚಮಚದ ಹಿಡಿಯನ್ನು ಮಾವನ ಕಡೆಗೆ ತಿರುಗಿಸಿದ.