ಜಿಂಕೆ ಬರುವ ಜಮೀನು

ಅರುಣಾ ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವಳು. ದಡ್ಡರನ್ನು ಕಂಡಿದ್ದಳು, ಸೋಮಾರಿಗಳನ್ನು ಕಂಡಿದ್ದಳು. ಐವತ್ತೊಂದನೇ ವಯಸ್ಸಿನಲ್ಲಿ ಹಸಿರು ಮಚ್ಚೆಯ ಪ್ಯಾಂಟು ತೊಟ್ಟು, ತುಮಕೂರಿನ ಸದಾಶಿವನಗರದ ಮನೆಯ ಹಾಲ್‌ನಲ್ಲಿ ಸೋಫಾದ ಹಿಂದೆ ಬಗ್ಗಿ ಬಗ್ಗಿ ನಡೆಯುವ ಗಂಡಸನ್ನು ಮಾತ್ರ ಕಂಡಿರಲಿಲ್ಲ. ಆ ಕೊರತೆಯನ್ನು ಕಟ್ಟಿಕೊಂಡ ಗಂಡನೇ ತುಂಬಿಕೊಟ್ಟ.

ಗೋವಿಂದರಾಜುವಿಗೆ ಹಿರೇಹಳ್ಳಿಯಲ್ಲಿ ಕಬ್ಬಿಣದ ಬೀರುಗಳಿಗೆ ಬಣ್ಣ ಹೊಡೆಯುವ ವರ್ಕ್‌ಶಾಪು. ಕಾಲು ಉಳುಕಿಸಿಕೊಂಡು ಹದಿನೈದು ದಿನ ಮನೆಯಲ್ಲಿ ಬಿದ್ದಿದ್ದಾಗ ಅವನ ಮೊಬೈಲಿಗೆ ಅಮೆರಿಕದ ಯಾವನೋ ಗಡ್ಡದವನ ವಿಡಿಯೋ ಸಿಕ್ಕಿತು. ಜಿಂಕೆ ಬೇಟೆಗೆ ಎಂಥ ಜಮೀನು ಕೊಳ್ಳಬೇಕು, ನೀರು ಎಲ್ಲಿರಬೇಕು, ಪೊದೆ ಎಷ್ಟಿರಬೇಕು, ಗಾಳಿ ಯಾವ ಕಡೆಯಿಂದ ಬೀಸಬೇಕು ಅಂತ ಅವನು ಪಾಠ ಮಾಡುತ್ತಿದ್ದ. ಗಡ್ಡದವನ ದೇಶದಲ್ಲಿ ಅದಕ್ಕೆ ಪರ್ಮಿಟ್ಟು ಉಂಟು, ನಮ್ಮಲ್ಲಿ ಜೈಲು ಉಂಟು ಎಂಬ ಸಣ್ಣ ವಿಷಯ ಇವನ ತಲೆಗೆ ಇಳಿಯಲಿಲ್ಲ. ಮನೆಯಲ್ಲಿ ಅಪ್ಪನ ಕಾಲದ ಬೆಳೆ ರಕ್ಷಣೆಯ ಕೋವಿ ಇತ್ತು. ರಕ್ಷಿಸಬೇಕಾದ ಬೆಳೆಯನ್ನು ಹೊಲದ ಸಮೇತ ಮಾರಿ ಹನ್ನೆರಡು ವರ್ಷವಾಗಿತ್ತು; ಇವನು ಆ ಹೊಲಕ್ಕೆ ಕಾಲಿಟ್ಟವನೂ ಅಲ್ಲ.

"ನಮ್ ಜಮೀನು, ನಮ್ ಬೇಲಿ. ಒಳಗ್ ಬಂದಿದ್ದು ನಮ್ದು. ಯಾವನ್ ಕೇಳ್ತಾನೆ?" ಅಂದ.

"ಫಾರೆಸ್ಟ್‌ನೋರು ಕೇಳ್ತಾರೆ. ವರ್ಷಗಟ್ಲೆ ಒಳಗ್ ಹಾಕ್ತಾರೆ," ಅಂದಳು ಅರುಣಾ.

"ನೀನು ಮಕ್ಕಳಿಗೆ ಕಪ್ಪೆ ಚಿತ್ರ ಬರ್ಸು ಹೋಗು."

ಅರುಣಾಳ ತವರು ಕುಣಿಗಲ್ ಕಡೆ. ಚಿಕ್ಕವಳಿದ್ದಾಗ ಇಪ್ಪೆ ಹೂ ಉದುರುವ ಕಾಲಕ್ಕೆ ಅಪ್ಪ ಗುಂಡಯ್ಯ ಅವಳನ್ನು ಬೆಳಗಿನ ಜಾವ ಎಬ್ಬಿಸಿ, ಹೆಗಲ ಮೇಲೆ ಕೂರಿಸಿಕೊಂಡು, ಮರದಡಿ ಹೂ ಮೇಯುವ ಜಿಂಕೆಗಳನ್ನು ತೋರಿಸುತ್ತಿದ್ದ. ಉಸಿರು ಬಿಟ್ಟರೂ ಓಡಿಹೋಗುತ್ತವೆ ಅಂತ ಅವಳು ಬಾಯಿ ಮುಚ್ಚಿಕೊಂಡು ಕೂರುತ್ತಿದ್ದಳು. ಬೀರುವಿಗೆ ನೆಟ್ಟಗೆ ಬಣ್ಣ ಹೊಡೆಯಲು ಬಾರದ ಈ ಮನುಷ್ಯ ಅವುಗಳಿಗೆ ಗುಂಡು ಹೊಡೆಯುತ್ತಾನೆ ಅಂದರೆ ಅವಳಿಗೆ ಹೊಟ್ಟೆ ಉರಿದುಹೋಯಿತು. ಆದರೆ ಜಗಳಕ್ಕೆ ನಿಂತರೆ ಅವನ ಹಟ ಎರಡರಷ್ಟಾಗುತ್ತದೆ ಎಂಬುದು ಅವಳಿಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು. ಹಾಗಾಗಿ ಫೆಬ್ರವರಿಯ ಒಂದು ಭಾನುವಾರ ತೆಪ್ಪಗೆ ಕಾರು ಹತ್ತಿದಳು. ಜಿಂಕೆ ಬರುವ ಜಮೀನು ಇವನ ಕೈಗೆ ಸಿಗಬಾರದು, ಅಷ್ಟೇ ಅವಳಿಗೆ ಬೇಕಾಗಿದ್ದು.

ದಲ್ಲಾಳಿ ಅಂಜನಮೂರ್ತಿ ಎರಡು ಜಮೀನು ಗೊತ್ತುಮಾಡಿದ್ದ. ಮೊದಲನೆಯದು ಕುಣಿಗಲ್ ತಾಲ್ಲೂಕಿನಲ್ಲಿ, ಕಾಡಂಚಿನ ನಾಲ್ಕು ಎಕರೆ. ಮಾಲೀಕ ಲಕ್ಷ್ಮೀನರಸಿಂಹಯ್ಯ ಮಾತು ಕಡಿಮೆಯ ರೈತ. ಹುರುಳಿ ಕಿತ್ತಾಗಿತ್ತು. ಕಾಡಿನ ಕಡೆಯ ನಾಲ್ಕು ಸಾಲು ಮಾತ್ರ ಹಾಗೇ ನಿಂತಿತ್ತು. ಯಾಕೆ ಬಿಟ್ಟಿದ್ದಾರೆ ಅಂತ ಅರುಣಾಗೆ ನೋಡಿದ ಕೂಡಲೇ ತಿಳಿಯಿತು; ಅವಳ ಅಪ್ಪನೂ ಕಾಡಿನ ಪ್ರಾಣಿಗಳ ಪಾಲು ಅಂತ ಹಾಗೇ ಬಿಡುತ್ತಿದ್ದ. ಸಾಲಿನ ತುದಿಗಳನ್ನು ಜಿಂಕೆಗಳು ಒಂದೇ ಎತ್ತರಕ್ಕೆ ಮೇಯ್ದಿದ್ದವು.

ಗೋವಿಂದರಾಜು ಅದೇ ಸಾಲಿನ ಪಕ್ಕ ನಿಂತು, ಬೆರಳು ಒದ್ದೆ ಮಾಡಿಕೊಂಡು, ಗಾಳಿ ನೋಡುತ್ತಿದ್ದ.

"ಇಲ್ಲಿ ಜಿಂಕೆ ಬರ್ತವೇನ್ರೀ?"

ಲಕ್ಷ್ಮೀನರಸಿಂಹಯ್ಯ ಅವನ ಮಚ್ಚೆ ಪ್ಯಾಂಟನ್ನು ಮೇಲಿಂದ ಕೆಳಗಿನವರೆಗೆ ನೋಡಿದ. "ನಾನ್ ಕಂಡಿಲ್ಲ ಬುಡಿ ಸಾಮಿ," ಅಂದ.

ನೀರು ಕುಡಿಯಲು ಕೊಟ್ಟಿಗೆಯ ಹತ್ತಿರ ಹೋದಾಗ ಅರುಣಾಳ ಕಣ್ಣು ಗೋಡೆಯ ಮೇಲೆ ನಿಂತಿತು. ಗೂಟದ ಬದಲು ಗೋಡೆಗೆ ಸಿಕ್ಕಿಸಿದ್ದು ಉದುರಿಬಿದ್ದ ಜಿಂಕೆ ಕೊಂಬು. ಅದಕ್ಕೆ ಹಾಲಿನ ತಂಬಿಗೆ ನೇತುಹಾಕಿದ್ದರು. ಅವಳು ತನ್ನ ವ್ಯಾನಿಟಿ ಬ್ಯಾಗನ್ನೂ ಸೆರಗನ್ನೂ ಅದರ ಮೇಲೆ ಹೊದಿಸಿ, ಗೋಡೆಗೆ ಒರಗಿ ನಿಂತುಬಿಟ್ಟಳು. ಲಕ್ಷ್ಮೀನರಸಿಂಹಯ್ಯ ನೋಡಿದ. ಅವಳಿಗೆ ಇನ್ನೊಂದು ಲೋಟ ನೀರು ಕೊಟ್ಟ.

ಎರಡನೆಯದು ಗುಬ್ಬಿ ಹತ್ತಿರದ ಬೀಳು. ಪಕ್ಕದಲ್ಲಿ ತೆಂಗಿನ ತೋಟ, ನೀರಿನ ಒಂದು ಕಟ್ಟೆ, ಸುತ್ತ ಜಾಲಿ ಬೇಲಿ. ಒಳಗೆ ಕಾಲಿಟ್ಟ ಗೋವಿಂದರಾಜು ಹಾಗೇ ನಿಂತುಬಿಟ್ಟ. ನೆಲದ ತುಂಬ ಗೊರಸಿನ ಗುರುತು, ಮೊರದಿಂದ ಚೆಲ್ಲಿದ ಹಾಗೆ ಹಿಕ್ಕೆ.

"ನೋಡಿ ಸಾರ್, ಹಿಂಡ್ ಹಿಂಡಾಗೇ ಬರ್ತವೆ!" ಅಂದ ಅಂಜನಮೂರ್ತಿ. ಅವನು ತುಮಕೂರು ಪೇಟೆಯಲ್ಲಿ ಹುಟ್ಟಿ ಬೆಳೆದವನು. ಸೈಟಿನ ಕಲ್ಲು ಬಿಟ್ಟರೆ ನೆಲದ ಮೇಲೆ ಬೇರೇನನ್ನೂ ಗುರುತು ಹಿಡಿಯಲಾರ.

ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ಮಂದೆ ನಿಲ್ಲಿಸುವುದು ಈ ಸೀಮೆಯಲ್ಲಿ ಮಗುವಿಗೂ ಗೊತ್ತು. ಇನ್ನೂರು ಕುರಿ ನಾಲ್ಕು ರಾತ್ರಿ ಮಲಗೆದ್ದ ಜಾಗ ಅದು. ಮಂದೆಯ ಸುತ್ತ ಬಲೆ ಕಟ್ಟಿದ ಗೂಟದ ಕುಳಿಗಳು ಸಾಲಾಗಿ ಬಾಯಿ ತೆರೆದುಕೊಂಡಿದ್ದವು. ಜಾಲಿ ಮುಳ್ಳಿಗೆ ಒಂದು ಹಿಡಿ ಕರಿ ಉಣ್ಣೆ ಸಿಕ್ಕಿಕೊಂಡಿತ್ತು. ಅರುಣಾ ಅದನ್ನು ಮೆಲ್ಲಗೆ ಬಿಡಿಸಿ ಮುಷ್ಟಿಯಲ್ಲಿಟ್ಟುಕೊಂಡಳು.

ಗೋವಿಂದರಾಜು ಒಂದು ಹಿಕ್ಕೆಯನ್ನು ಎರಡು ಬೆರಳಲ್ಲಿ ಹಿಡಿದು, ಮೂಸಿ, ಅವಳ ಮುಂದೆ ಚಾಚಿದ. "ನೀನು ಬಯಾಲಜಿ ಓದಿದೀಯಲ್ಲ. ಹೇಳು, ಯಾವುದಿದು?"

ಕ್ಲಾಸಿನಲ್ಲಿ ಒಂದು ದಿನವೂ ಬೇಕೆಂದೇ ತಪ್ಪು ಉತ್ತರ ಹೇಳಿದವಳಲ್ಲ ಅವಳು. ಮುಷ್ಟಿ ಬಿಗಿ ಹಿಡಿದಳು.

"ಜಿಂಕೇದು," ಅಂದಳು. "ಕನಿಷ್ಠ ಇನ್ನೂರಿರ್ಬೇಕು."

ಮುಂದಿನ ತಿಂಗಳೇ ಶೆಟ್ಟಿಹಳ್ಳಿಯ ಸೈಟು ಮಾರಿ ಗುಬ್ಬಿಯ ಬೀಳು ಕೊಂಡಾಯಿತು. ಕಟ್ಟೆಯ ಪಕ್ಕ ಕಬ್ಬಿಣದ ಅಟ್ಟಣಿಗೆ ಎದ್ದಿತು, ಅದಕ್ಕೆ ಬೀರುವಿನ ಹಸಿರು ಬಣ್ಣವೇ. ಐದು ಭಾನುವಾರ ಗೋವಿಂದರಾಜು ಅದರ ಮೇಲೆ ಕೂತು ಸೊಳ್ಳೆಗಳಿಗೆ ಊಟ ಹಾಕಿ ಬಂದ. ಆರನೆಯ ಭಾನುವಾರ ಮಬ್ಬುಗತ್ತಲೆಯಲ್ಲಿ ಬೇಲಿಯ ಬಳಿ ಏನೋ ಅಲುಗಾಡಿತು. ಕೋವಿ ಢಂ ಅಂದಿತು. ಹಿಂದೆಯೇ ಕುರುಬರ ಸಿದ್ದಯ್ಯನ ಕೂಗು ಕೇಳಿಸಿತು.

"ಯಾವನ್ಲಾ ಅವನು? ನನ್ ಕುರಿ ಹೊಡ್ದೋನು!"

ಮಂದೆಗೆ ಜಾಗ ಕೇಳಲು ಬಂದಿದ್ದ ಪಾಪದ ಸಿದ್ದಯ್ಯ ಕುರಿಯ ಬೆಲೆ ಇಸ್ಕೊಂಡು, ಅಲ್ಲೇ ಕೊಯ್ದು ಮಾಂಸ ಬಿಡಿಸಿಕೊಟ್ಟ. ಆದರೆ ತಲೆ, ಚರ್ಮ ತಾನು ಇಟ್ಟುಕೊಳ್ಳಲಿಲ್ಲ. "ಕೊಂದೋರೇ ಇಟ್ಕೊಳಿ," ಅಂತ ಸಿಮೆಂಟ್ ಚೀಲಕ್ಕೆ ತುಂಬಿ ಕಾರಿನ ಡಿಕ್ಕಿಗೆ ಎಸೆದು ಹೋದ.

ಗೋವಿಂದರಾಜು ಹೆಂಡತಿಗೆ ಮಾತ್ರ ನಿಜ ಹೇಳಿ, ಚೀಲವನ್ನು ಯಾರೂ ನೋಡದ ಹಾಗೆ ಹೂಳಿಸು ಅಂದ. ಅವಳು ಹೂಳಿಸಲಿಲ್ಲ. ಚರ್ಮಕ್ಕೆ ಉಪ್ಪು ಸವರಿ, ಚೀಲವನ್ನು ಹಿತ್ತಲಲ್ಲಿಟ್ಟಳು. ಗಂಡನ ಬಾಯಿ ಎಂಥದು ಅಂತ ಅವಳಿಗೆ ಗೊತ್ತು.

ಮಾರನೆಯ ಮಧ್ಯಾಹ್ನ ಹಿರೇಹಳ್ಳಿಯ ಎಂಟು ಜನ ಗೆಳೆಯರಿಗೆ ಊಟ. "ಜಿಂಕೆ ಕಣ್ರೋ," ಅಂದ ಗೋವಿಂದರಾಜು, ಮೀಸೆಯ ಮೇಲೆ ಕೈಯಾಡಿಸುತ್ತ. ಅವರೆಲ್ಲ ಬೆರಳು ಚೀಪಿ, ಇಂಥ ರುಚಿ ಹುಟ್ಟಿದಾಗಿನಿಂದ ಕಂಡಿಲ್ಲ ಅಂದರು. ವಾರಕ್ಕೆರಡು ಸಲ ಮಟನ್ ತಿನ್ನುವ ಮಂದಿ! ಅಷ್ಟಕ್ಕೇ ಸುಮ್ಮನಾಗದೆ ಇವನು ಒಂದು ಕೈಯಲ್ಲಿ ಕೋವಿ, ಇನ್ನೊಂದರಲ್ಲಿ ಸಾರಿನ ಬಟ್ಟಲು ಹಿಡಿದು ಫೋಟೋ ತೆಗೆಸಿಕೊಂಡು, 'ನಮ್ಮ ತೋಟದ ಜಿಂಕೆ' ಎಂದು ಬರೆದು ವಾಟ್ಸಾಪ್ ಗುಂಪಿಗೆ ಹಾಕಿದ. ಫೋಟೋ ಗುಂಪಿನಿಂದ ಗುಂಪಿಗೆ ಹಾರಿತು; ಗೆಳೆಯರ ಕೈ ಒಣಗುವ ಮೊದಲೇ ಅರಣ್ಯ ಇಲಾಖೆಯ ಜೀಪು ಬಾಗಿಲಿಗೆ ಬಂತು.

ಅಧಿಕಾರಿ ಫೋಟೋ ತೋರಿಸಿದ. "ನಡೀರಿ. ಮಾಂಸ ಲ್ಯಾಬಿಗೆ ಹೋಗುತ್ತೆ, ನೀವು ನಮ್ ಜೊತೆ ಬರ್ತೀರಿ."

ಗೋವಿಂದರಾಜು ಬಟ್ಟಲು ಕೆಳಗಿಟ್ಟ. ಎಂಟು ಜನರ ಮುಂದೆ, ಆ ಮಚ್ಚೆ ಪ್ಯಾಂಟಿನಲ್ಲೇ, ಬಾಯಿ ಬಡಿದುಕೊಂಡ. "ಕುರಿ ಸಾರ್! ದೇವ್ರಾಣೆಗೂ ಕುರಿ! ಜಿಂಕೆ ಅನ್ನೋದನ್ನ ನಾನು ಕಣ್ಣಲ್ಲೇ ನೋಡಿಲ್ಲ ಸಾರ್!"

ಗೆಳೆಯರು ತಟ್ಟೆ ನೋಡಿಕೊಂಡರು.

"ಎಲ್ರೂ ಹಿಂಗೇ ಅಂತಾರೆ," ಅಂದ ಅಧಿಕಾರಿ.

"ಬೇಕಾದ್ರೆ ಇವಳನ್ನ ಕೇಳಿ. ಬಯಾಲಜಿ ಟೀಚರ್ರು. ಅರುಣಾ, ಹೇಳೇ, ಯಾವುದಿದು?"

ಅದೇ ಪ್ರಶ್ನೆ. ಅರುಣಾ ಅವಸರ ಮಾಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಗಂಡನ ಹತ್ತಿರ ಬಂದು, ಅವನಿಗಷ್ಟೇ ಕೇಳುವ ಹಾಗೆ ಅಂದಳು:

"ಕೋವಿ?"

"ಇವತ್ತೇ ಸ್ಟೇಷನ್‌ಗೆ ಒಪ್ಪಿಸ್ಬಿಡ್ತೀನಿ."

"ಲೈಸೆನ್ಸು?"

"ಅದೂನೂ ಕಣೇ! ಬೇಗ ಹೇಳು!"

ಅರುಣಾ ಹಿತ್ತಲಿಗೆ ಹೋಗಿ ಚೀಲ ತಂದು ವರಾಂಡದಲ್ಲಿ ಸುರಿದಳು. ಕುರಿಯ ತಲೆ, ಉಪ್ಪು ಮೆತ್ತಿದ ಕರಿ ಉಣ್ಣೆಯ ಚರ್ಮ, ಕಿವಿಯಲ್ಲಿ ಸಿದ್ದಯ್ಯನ ಮಂದೆಯ ಗುರುತಿನ ಕಚ್ಚು. ಸಿದ್ದಯ್ಯನ ಫೋನ್ ನಂಬರನ್ನೂ ಕೊಟ್ಟಳು. ಅಧಿಕಾರಿ ಮೂಗು ಮುಚ್ಚಿಕೊಂಡು ನೋಡಿದ. ನಗು ತಡೆಯಲಾಗದೆ ಆಚೆ ತಿರುಗಿಕೊಂಡ. ಆದರೂ ಸಾರಿನ ಒಂದು ತುಂಡನ್ನು ಡಬ್ಬಿಗೆ ಹಾಕಿಕೊಂಡು, ಕೋವಿ ಠಾಣೆಗೆ ಹೋದ ರಸೀದಿ ಸಂಜೆಯೊಳಗೆ ತಂದು ತೋರಿಸಬೇಕೆಂದು ಹೇಳಿ ಹೋದ. ಗೆಳೆಯರೂ ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡರು.

ಗೋವಿಂದರಾಜು ಕುರ್ಚಿಯಲ್ಲಿ ಕುಸಿದ. ತುಸು ಹೊತ್ತಿನ ಮೇಲೆ ಅವನ ತಲೆಯಲ್ಲಿ ಏನೋ ಹೊಳೆದಂತಾಯಿತು.

"ಅಲ್ಲಾ, ಅವತ್ತು ಗುಬ್ಬೀಲಿ ಜಿಂಕೆ ಅಂದ್ಯಲ್ಲ ನೀನು?"

ಅರುಣಾ ಎಂಟು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಎತ್ತಿಕೊಂಡಳು. ಕುಣಿಗಲ್ ಕಡೆ ಈಗ ಇಪ್ಪೆ ಹೂ ಉದುರುವ ಕಾಲ.

"ಅವತ್ತೂ ಕುರೀನೇ," ಅಂದು ಒಳಗೆ ಹೋದಳು.