ಕಾಲೊನಿಯ ಬಾವಿ ದೇವರಾದದ್ದು

ಎಮ್ಮೆಲ್ಲೆ ಬರುತ್ತಾರೆಂದರೆ ಕಮಲಾಕರನಿಗೆ ಮೊದಲು ನೆನಪಾಗುತ್ತಿದ್ದದ್ದು ಕುರ್ಚಿಗಳು. ಪ್ಲಾಸ್ಟಿಕ್ ಕುರ್ಚಿಗಳನ್ನು ಬಾಡಿಗೆಗೆ ತರಿಸಬೇಕು, ಶಾಮಿಯಾನದವನ ಬೆನ್ನು ಬೀಳಬೇಕು, ಮೈಕಿನವನು ಬಂದನೇ ಎಂದು ಗೇಟಿನತ್ತ ಕಣ್ಣಿಟ್ಟು ನಿಲ್ಲಬೇಕು. ಮದರಾಸಿನ ವೇಲಚೇರಿಯ ಆ ಕಾಲೊನಿಯ ನಿವಾಸಿಗಳ ಸಂಘಕ್ಕೆ ಅವನು ಕಾರ್ಯದರ್ಶಿ. ಆಸೆಪಟ್ಟು ಆದವನಲ್ಲ. ಒಂದು ವರ್ಷ ಸಂಘದ ಸಭೆ ನಡೆಯುವಾಗ ಕಾಫಿ ಕುಡಿಯಲು ಎದ್ದು ಹೋಗಿದ್ದ. ವಾಪಸ್ಸು ಬರುವಷ್ಟರಲ್ಲಿ ಆರಿಸಿಬಿಟ್ಟಿದ್ದರು. ಆಮೇಲೆ ಅವನನ್ನು ಇಳಿಸುವ ಕೃಪೆಯನ್ನು ಯಾರೂ ಮಾಡಲಿಲ್ಲ. ಬ್ಯಾಂಕಿನ ಕೆಲಸದಿಂದ ನಿವೃತ್ತಿಯಾದರೂ ಇದರಿಂದ ನಿವೃತ್ತಿಯಿರಲಿಲ್ಲ.

ಈ ಎಮ್ಮೆಲ್ಲೆಗೆ ಒಂದು ಪದ್ಧತಿ ಇತ್ತು. ಕೆಲವು ತಿಂಗಳಿಗೊಮ್ಮೆ ಭಾನುವಾರ ಸಂಜೆ ಕಾಲೊನಿಗೆ ಬಂದು, ಕ್ಷೇತ್ರದಲ್ಲಿ ಏನೇನು ಕೆಲಸವಾಯಿತು, ಮುಂದೆ ಏನಾಗುತ್ತದೆ ಎಂದು ಜನರ ಮುಂದೆ ಒಪ್ಪಿಸಿ ಹೋಗುವುದು. ಕೆಟ್ಟ ಮನುಷ್ಯನಲ್ಲ. ಹೆಸರು ಹಿಡಿದು ಮಾತಾಡಿಸುತ್ತಿದ್ದರು, ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದರು. ಹೇಳಿದ್ದರಲ್ಲಿ ಅರ್ಧದಷ್ಟು ಮಾಡಿಯೂ ಮಾಡುತ್ತಿದ್ದರು. ಯಾವ ಅರ್ಧ ಎಂಬುದು ಮಾತ್ರ ಜನರ ಕೈಯಲ್ಲಿರಲಿಲ್ಲ.

ಎರಡು ಸಾವಿರದ ಮೂರರ ಬೇಸಿಗೆ ಅದು. ಮದರಾಸಿನಲ್ಲಿ ನೀರಿಗೆ ಹಾಹಾಕಾರ. ಮೂಲೆಮೂಲೆಯಲ್ಲೂ ಪ್ಲಾಸ್ಟಿಕ್ ಕೊಡಗಳು ಮನುಷ್ಯರ ಬದಲು ಸಾಲಿನಲ್ಲಿ ನಿಂತು ಲಾರಿಗೆ ಕಾಯುತ್ತಿದ್ದವು. ಇವರ ಕಾಲೊನಿಯಲ್ಲಿ ಮಾತ್ರ ಕೊಡಗಳಿಗೆ ಆ ಕಷ್ಟ ಇರಲಿಲ್ಲ. ಕೊನೆಯ ಖಾಲಿ ಜಾಗದಲ್ಲಿ ಒಂದು ಬಾವಿಯಿತ್ತು. ಊರೆಲ್ಲ ಗದ್ದೆಯಾಗಿದ್ದ ಕಾಲದ್ದು. ಗದ್ದೆ ಹೋಗಿ ಫ್ಲ್ಯಾಟುಗಳು ಬಂದರೂ ಬಾವಿ ತನ್ನ ಪಾಡಿಗೆ ತಾನು ತಂಪಾಗಿ ಕೂತಿತ್ತು, ನೀರು ಎಳನೀರಿನಷ್ಟು ಸಿಹಿ. ಬೇಸಿಗೆ ಶುರುವಾದಾಗ ಎಲ್ಲರೂ ಸೇರಿ ಒಂದು ಕಟ್ಟುಪಾಡು ಮಾಡಿಕೊಂಡಿದ್ದರು: ಮೋಟರು ಹಾಕುವಂತಿಲ್ಲ, ಯಾರೇ ಆದರೂ ಹಗ್ಗ ಹಿಡಿದು ಕೈಯಲ್ಲೇ ಸೇದಬೇಕು. ಕೈಯಲ್ಲಿ ಸೇದುವವನು ಪೋಲು ಮಾಡುವುದಿಲ್ಲ, ಬಾವಿಗೂ ರಾತ್ರಿ ಮತ್ತೆ ತುಂಬಿಕೊಳ್ಳಲು ಬಿಡುವು ಸಿಗುತ್ತದೆ. ಸದ್ಯ, ಅದೊಂದು ನಿಯಮವನ್ನು ಕಾಲೊನಿಯವರು ಮುರಿದಿರಲಿಲ್ಲ.

ಕಮಲಾಕರನ ಮನೆಗೆ ಆ ವರ್ಷ ಎಲ್ಲರಿಗಿಂತ ಹೆಚ್ಚು ನೀರು ಬೇಕಾಗಿತ್ತು. ಮಗಳು ಶ್ರೀಯಾ ಹೆರಿಗೆಗೆ ಬಂದಿದ್ದಳು. ಬಾಣಂತಿಯ ನೀರು, ಕೂಸಿನ ನೀರು, ಬಟ್ಟೆಯ ನೀರು. ಹೆಂಡತಿ ಕಲಾವತಿ ಮಂಡ್ಯದ ಕಡೆಯವಳು. ಬಾಣಂತಿಗೆ ಹಂಡೆಗಟ್ಟಲೆ ಬಿಸಿನೀರು ಸುರಿಯದಿದ್ದರೆ ಅದನ್ನು ಸ್ನಾನವೆಂದೇ ಒಪ್ಪದವಳು. ಕಮಲಾಕರ ಬೆಳಿಗ್ಗೆ ಎದ್ದವನೇ ಸೇದಿ, ಹೊತ್ತು, ಎರಡನೆಯ ಮಹಡಿ ಹತ್ತುತ್ತಿದ್ದ. ಮಂಡಿ ನೋವು. ಆದರೂ ಸ್ನಾನ ಮುಗಿಸಿದ ಮೊಮ್ಮಗಳು ಕೆಂಪಗೆ ಆಗಿ, ಸಾಂಬ್ರಾಣಿ ಹೊಗೆಯಲ್ಲಿ ನಿದ್ದೆ ಹೋಗುವುದನ್ನು ನೋಡಿದರೆ ಆ ನೋವಿಗೂ ಅರ್ಥವಿದೆ ಅನ್ನಿಸುತ್ತಿತ್ತು.

ಆ ತಿಂಗಳ ಸಭೆಯಲ್ಲಿ ಎಮ್ಮೆಲ್ಲೆ ಬಟ್ಟೆಯ ಮೇಲೆ ಬರೆಸಿದ ದೊಡ್ಡ ನಕ್ಷೆಯೊಂದನ್ನು ಬಿಡಿಸಿದರು. ಕೊನೆಯ ಖಾಲಿ ಜಾಗ ಸರ್ಕಾರದ್ದು. ಅದರಲ್ಲಿ ಸಮುದಾಯ ಭವನ, ಪಕ್ಕಕ್ಕೆ ವಾಹನ ನಿಲ್ಲಿಸುವ ಜಾಗ, ಸುತ್ತ ಹೂಗಿಡ. ಚಪ್ಪಾಳೆ ಬಿತ್ತು. ನಕ್ಷೆಯಲ್ಲಿ ಬಾವಿ ಇರುವ ಕಡೆ ನಾಲ್ಕು ಕಾರು ಬರೆದಿದ್ದರು.

ಕಮಲಾಕರ ಎದ್ದು ಬಾವಿಯ ವಿಷಯ ಕೇಳಿದ. ಎಮ್ಮೆಲ್ಲೆ ನಕ್ಕರು. "ಸಾರ್, ಅದು ಹಳೇ ಗದ್ದೆ ಬಾವಿ. ಸೊಳ್ಳೆಗಳ ಮನೆ. ನಾಳೆ ಯಾವುದಾದರೂ ಮಗು ಬಿದ್ದರೆ ಯಾರು ಜವಾಬ್ದಾರಿ? ಮುಚ್ಚಿಬಿಡೋಣ. ನಿಮಗೆ ದಿನಾ ಲಾರಿ ಕಳಿಸ್ತೀನಿ." ಮತ್ತೆ ಚಪ್ಪಾಳೆ. ದಿನವೂ ಬಾವಿಯ ನೀರು ಕುಡಿಯುವವರೇ ತಟ್ಟಿದ ಚಪ್ಪಾಳೆ ಅದು. ಕಮಲಾಕರನಿಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ.

ಮರುದಿನದಿಂದ ಅರ್ಜಿ ಹಿಡಿದು ಅಲೆದ. ಈ ಕಚೇರಿಯವರು ಆ ಕಚೇರಿಗೆ ಕಳಿಸಿದರು, ಅಲ್ಲಿಯವರು ಊಟಕ್ಕೆ ಹೋಗಿದ್ದರು. ವಾರ ಕಳೆಯುವಷ್ಟರಲ್ಲಿ ಕಮಲಾಕರ ಸೋತುಹೋಗಿದ್ದ. "ಆಗೋದು ಆಗ್ಲಿ ಕಲಾ," ಎಂದು ಹೆಂಡತಿಯ ಹತ್ತಿರ ಹೇಳಿ, ಮಂಡಿಗೆ ಎಣ್ಣೆ ತಿಕ್ಕಿಕೊಂಡು ಕೂತ.

"ಮುಚ್ಚೋಕೆ ಮುಂಚೆ ಗಂಗೆ ಪೂಜೆನಾದ್ರೂ ಮಾಡಿಸಿಬಿಡೋಣ," ಎಂದಳು ಕಲಾವತಿ.

ಅವರ ಕಡೆಯ ಶಾಸ್ತ್ರ ಅದು. ಬಾಣಂತಿ ಎದ್ದು ಓಡಾಡುವಂತಾದ ಮೇಲೆ ಬಾವಿಗೆ ಹೋಗಿ, ಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಹಣ್ಣುಕಾಯಿ ಮಾಡಿ, ಮೊದಲ ಬಿಂದಿಗೆ ನೀರನ್ನು ತಾನೇ ಸೇದಿ ಮನೆಗೆ ತರಬೇಕು. ಶ್ರೀಯಾ ಮದರಾಸಿನಲ್ಲೇ ಬೆಳೆದವಳು. "ಅಯ್ಯೋ ಅಮ್ಮಾ, ನಲ್ಲಿಗೆ ಪೂಜೆ ಮಾಡಿದ್ರೆ ಪೋದಾದಾ, ಸಾಲ್ದಾ? ಬಿಸಿಲು ನೋಡು," ಎಂದು ಗೊಣಗಿದಳು. ಆದರೂ ರೇಷ್ಮೆ ಸೀರೆ ಉಟ್ಟು ಇಳಿದು ಬಂದಳು. ಕಟ್ಟೆಯ ಸುತ್ತ ಅರಿಶಿನ, ರಾಟೆಯ ಕಂಬಕ್ಕೆ ಮಲ್ಲಿಗೆ, ಎದುರಿಗೆ ದೀಪ, ಊದುಬತ್ತಿ, ಒಡೆದ ತೆಂಗಿನಕಾಯಿ. ಬಾವಿ ಮದುವಣಗಿತ್ತಿಯ ಹಾಗೆ ಕಾಣುತ್ತಿತ್ತು.

ಅಷ್ಟು ಹೊತ್ತಿಗೆ ಟೇಪು ಹಿಡಿದುಕೊಂಡು ಎಂಜಿನಿಯರ್ ಬಂದ, ಜಾಗ ಅಳೆಯಲು. ಪಾಪ, ಬಿಸಿಲಲ್ಲಿ ಬೆವರಿದ್ದ ಹುಡುಗ. ಬಾವಿಯನ್ನು ಕಂಡವನೇ ದೂರದಲ್ಲೇ ನಿಂತು ಚಪ್ಪಲಿ ಬಿಟ್ಟ, ಕೈ ಮುಗಿದ. "ಸಾರ್, ಇದು ಕೋಯಿಲಾ?" ಎಂದು ಮೆಲ್ಲಗೆ ಕೇಳಿದ. ದೇವಸ್ಥಾನವಾದರೆ ಅವನ ನಕ್ಷೆಯೇ ಬದಲಾಗಬೇಕು, ದೇವರಿದ್ದ ಜಾಗಕ್ಕೆ ಯಾರೂ ಕೈ ಹಾಕುವುದಿಲ್ಲ.

ಕಮಲಾಕರ ಬಾವಿಯನ್ನು ನೋಡಿದ, ಬಿಂದಿಗೆ ಎತ್ತಿಕೊಂಡ ಮಗಳನ್ನು ನೋಡಿದ. ಕಚೇರಿಗಳಿಗೆ ಅಲೆದ ಆಯಾಸವೆಲ್ಲ ಒಟ್ಟಿಗೆ ಬಂದು ನಾಲಗೆಯ ಮೇಲೆ ಕೂತಿತು.

"ಆಮಾ," ಎಂದ. ಹೌದು.

ಹುಡುಗ ಪ್ರಸಾದ ತೆಗೆದುಕೊಂಡು, ನಕ್ಷೆಯಲ್ಲಿ ಏನೋ ಗುರುತು ಮಾಡಿಕೊಂಡು ಹೊರಟುಹೋದ.

"ಅಲ್ಲಾ ಕಣ್ರೀ, ದೇವಸ್ಥಾನ ಅಂದ್ಬಿಟ್ರಲ್ಲ?" ಎಂದಳು ಕಲಾವತಿ.

"ಗಂಗೆ ದೇವರಲ್ವೇನೇ?"

ಕಲಾವತಿ ಬಗ್ಗಿ ದೀಪದ ಬತ್ತಿ ಸರಿಮಾಡಿದಳು.

ಬಾವಿ ಉಳಿಯಿತು ಎಂಬ ಸುದ್ದಿ ಕೇಳಿ ಕಾಲೊನಿಯವರ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಚಪ್ಪಾಳೆ ತಟ್ಟಿದವರೇ ಬಂದು ಕಮಲಾಕರನ ಕೈ ಕುಲುಕಿದರು. ಕೆಳಗಿನ ಮನೆಯ ಮೋನಪ್ಪ, ರೈಲ್ವೆಯಲ್ಲಿದ್ದು ನಿವೃತ್ತನಾದ ಪುತ್ತೂರಿನವನು, ಬೆನ್ನು ತಟ್ಟಿದ. "ದೇವಸ್ಥಾನ ಆದ್ರೆ ಆಗ್ಲಿ ಮಾರಾಯ್ರೆ, ನಮಗೆ ನೀರು ಸಿಕ್ಕಿದ್ರೆ ಸಾಕಲ್ಲ! ಆದ್ರೆ ಅವರು ಪುನಃ ನೋಡ್ಲಿಕ್ಕೆ ಬಂದ್ರೆ? ದಿನಾ ಸ್ವಲ್ಪ ಕುಂಕುಮ ಇಡುವ." ಎಲ್ಲರೂ ಒಪ್ಪಿದರು. ಮೋನಪ್ಪನೇ ಎಲ್ಲಿಂದಲೋ ಒಂದು ಗಂಟೆ ತಂದು ರಾಟೆಯ ಪಕ್ಕ ಕಟ್ಟಿದ.

ನಾಟಕ ಶುರುವಾದದ್ದು ಹೀಗೆ. ಅದು ನಾಟಕ ಎಂಬುದು ಕಾಲೊನಿಯವರಿಗೆ ಗೊತ್ತಿತ್ತು. ಬೀದಿಯಲ್ಲಿ ಹೋಗಿಬರುವವರಿಗೆ ಗೊತ್ತಿರಲಿಲ್ಲ. ಶುಕ್ರವಾರ ಯಾರೋ ಬೇವಿನ ಸೊಪ್ಪು ಕಟ್ಟಿದರು. ಇನ್ಯಾರೋ ನಿಂಬೆಹಣ್ಣಿನ ದೀಪ ಹಚ್ಚಿದರು. ಹೊಸ ಅಪಾರ್ಟ್‌ಮೆಂಟುಗಳಿಂದ ಹೆಂಗಸರು ಬರತೊಡಗಿದರು. ಒಬ್ಬಳ ಮಗನಿಗೆ ಕೆಲಸ ಸಿಕ್ಕಿತು, ಇನ್ನೊಬ್ಬಳ ಗಂಡನ ಜ್ವರ ಬಿಟ್ಟಿತು. ಬಾವಿಯ ಸುತ್ತ ಚಪ್ಪಲಿಗಳ ರಾಶಿ. ಮಳೆಗಾಲ ಬಂದು, ನೆಪಕ್ಕೆ ನಾಲ್ಕು ಹನಿ ಸುರಿಸಿ ಹೋಯಿತು. ಆಗ ಬಾವಿಯಲ್ಲಿ ಇನ್ನೂ ನೀರಿತ್ತೆಂಬುದೇ ಅಮ್ಮನ ಮಹಿಮೆಯಾಯಿತು. ಮೋಟರು ಹಾಕದೆ ಕೈಯಲ್ಲಿ ಸೇದಿ ಉಳಿಸಿದವರ ಮಹಿಮೆ ಯಾರಿಗೂ ಹೊಳೆಯಲಿಲ್ಲ.

ಒಂದು ದಿನ ಕಲಾವತಿ ಖಾಲಿ ಬಿಂದಿಗೆ ಹಿಡಿದು ಮನೆಗೆ ಬಂದಳು. ಮುಖ ಕೆಂಪಾಗಿತ್ತು.

"ಶುಕ್ರವಾರ ಅಮ್ಮನ ನೀರಿಗೆ ಎಂಜಲು ಬಿಂದಿಗೆ ಇಳಿಸಬಾರದಂತೆ. ಯಾರೋ ಹೊಸಬಳು, ನನಗೇ ಹೇಳ್ತಾಳೆ. ಆ ಕಟ್ಟೆಗೆ ಮೊದಲನೇ ಕುಂಕುಮ ಇಟ್ಟೋಳು ನಾನು ಕಣ್ರೀ!"

"ಒಂದು ದಿನ ತಾನೇ, ಬಿಡು," ಎಂದ ಕಮಲಾಕರ. ಆದರೆ ಶುಕ್ರವಾರದ ಜೊತೆ ಮಂಗಳವಾರ ಸೇರಿತು, ಆಮೇಲೆ ಅಮಾವಾಸ್ಯೆ, ಹುಣ್ಣಿಮೆ. ಮೊದಲೆಲ್ಲ ದಿನವಿಡೀ ಕಿರುಗುಟ್ಟುತ್ತಿದ್ದ ರಾಟೆಯ ಸದ್ದು ಕಡಿಮೆಯಾಗುತ್ತ ಬಂತು. ಕಮಲಾಕರ ಎಲ್ಲವನ್ನೂ ನೋಡುತ್ತಿದ್ದ. ತಾನೇ ಹೇಳಿದ ಸುಳ್ಳಿನ ಜೊತೆ ಜಗಳಕ್ಕೆ ಇಳಿಯುವುದು ಹೇಗೆ?

ಮುಂದಿನ ಸಲ ಎಮ್ಮೆಲ್ಲೆ ಬಂದಾಗ ಶಾಮಿಯಾನದ ಹೊರಗೂ ಜನ ನಿಂತಿದ್ದರು. ರಸ್ತೆಯ ವಿಷಯ, ಚರಂಡಿಯ ವಿಷಯ, ರೈಲು ನಿಲ್ದಾಣದ ವಿಷಯ ಒಪ್ಪಿಸಿ ಕೊನೆಗೆ ದನಿ ಇಳಿಸಿದರು. "ಈ ಮಣ್ಣಿನಲ್ಲಿ ಇಂಥ ಪುರಾತನ ಅಮ್ಮನ್ ಕೋಯಿಲ್ ಇದೆ ಅಂತ ನನಗೇ ಗೊತ್ತಿರಲಿಲ್ಲ. ನಾನೇ ಮುಚ್ಚಿಸಲು ಹೊರಟಿದ್ದೆ. ಅಮ್ಮ ತಡೆದಳು." ಜನ ಹೋ ಎಂದರು. ಭವನ ಇನ್ನೊಂದು ಮೂಲೆಗೆ ಹೋಗುತ್ತದೆ. ದಾನಿಗಳು ಸಿದ್ಧರಿದ್ದಾರೆ, ಬಾವಿಗೆ ಕಲ್ಲಿನ ಮಂಟಪ, ಮೇಲೆ ಕಬ್ಬಿಣದ ಜಾಲರಿ, ಬೀಗ, ಒಬ್ಬ ಅರ್ಚಕ. ಪವಿತ್ರ ನೀರಿಗೆ ಇನ್ನು ಯಾರ ಕೊಳಕು ಕೊಡವೂ ತಗಲುವುದಿಲ್ಲ. ಕಾಲೊನಿಗೆ ಲಾರಿ ಬರುತ್ತದೆ.

ಕಲಾವತಿ ಹಿಂದಿನಿಂದ ಗಂಡನ ಭುಜ ತಿವಿದಳು. "ಏಳ್ರೀ. ಈಗ್ಲಾದ್ರೂ ಹೇಳ್ರೀ."

ಕಮಲಾಕರ ಎದ್ದ. ಯಾರೋ ಅವನ ಕೈಗೆ ಮೈಕು ಕೊಟ್ಟರು. ಇದು ದೇವಸ್ಥಾನವಲ್ಲ, ಬಾವಿ ಎಂದರೆ ನಾಳೆಯೇ ಮಣ್ಣು ತುಂಬಿ ಕಾರು ನಿಲ್ಲಿಸುತ್ತಾರೆ. ಸುಮ್ಮನಿದ್ದರೆ ಬೀಗ ಬೀಳುತ್ತದೆ. ಎರಡರಲ್ಲಿ ಯಾವುದೇ ಆದರೂ, ಮನೆಗೆ ಒಂದು ಬಿಂದಿಗೆ ನೀರು ಬರುವುದಿಲ್ಲ. ಎದುರಿಗೆ ಕೈ ಮುಗಿದುಕೊಂಡು ಕೂತ ನೂರಾರು ಮುಖಗಳು. ಮೊದಲ ಸಾಲಿನಲ್ಲಿ ಆ ಎಂಜಿನಿಯರ್ ಹುಡುಗ, ಹಣೆಯ ಮೇಲೆ ಕುಂಕುಮ. ಕಮಲಾಕರನಿಗೆ ಬಹಳ ಸುಸ್ತಾಯಿತು. ಬದುಕಿನಲ್ಲಿ ಅಷ್ಟು ಸುಸ್ತು ಯಾವತ್ತೂ ಆಗಿರಲಿಲ್ಲ.

"ನನ್ರಿ," ಎಂದ. ವಂದನೆ ಹೇಳಿ ಮೈಕು ವಾಪಸ್ಸು ಕೊಟ್ಟ. ಚಪ್ಪಾಳೆ ಬಹಳ ಹೊತ್ತು ಬಿತ್ತು.

ಆ ರಾತ್ರಿ ಕಲಾವತಿ ಊಟ ಬಡಿಸಿಟ್ಟು, ಗೋಡೆಯ ಕಡೆ ತಿರುಗಿ ಮಲಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಬೇಡಿದ ಕೆಲಸ ವರ್ಷಗಟ್ಟಲೆ ನಡೆಯುವ ಊರಿನಲ್ಲಿ ಈ ಕೆಲಸ ಎಷ್ಟು ಬೇಗ ಮುಗಿಯಿತೆಂದರೆ, ಶ್ರೀಯಾ ಗಂಡನ ಮನೆಯಿಂದ ಕುಂಭಾಭಿಷೇಕಕ್ಕೆ ಬಂದಾಗ ಮಗು ಇನ್ನೂ ಅಂಬೆಗಾಲಿಡುತ್ತಿತ್ತು. ಅಂದು ಬೆಳಿಗ್ಗೆಯಿಂದಲೇ ಧ್ವನಿವರ್ಧಕ. ಗೇಟಿನ ಹೊರಗೆ ಕಾಲೊನಿಯ ಕೊಡಗಳು ಊರಿನ ಉಳಿದ ಕೊಡಗಳಂತೆ ಸಾಲಾಗಿ ನಿಂತಿದ್ದವು. ನೀರಿನ ಲಾರಿ ಜನಜಂಗುಳಿಯಲ್ಲಿ ಒಳಗೆ ಬರಲಾಗದೆ ಹಾಗೇ ತಿರುಗಿ ಹೋಯಿತು. "ಅಪ್ಪಾ, ಪಾಪುಗೆ ಸ್ನಾನ ಮಾಡ್ಸೋಕೆ ತಣ್ಣಿ ಇಲ್ಲ," ಎಂದಳು ಶ್ರೀಯಾ. ಕಲಾವತಿ ಒದ್ದೆ ಬಟ್ಟೆಯಲ್ಲಿ ಮಗುವಿನ ಮೈ ಒರೆಸಿ ಹೊಸ ಫ್ರಾಕು ಹಾಕಿದಳು.

ಕಮಲಾಕರನನ್ನು ವೇದಿಕೆಗೆ ಕರೆದು ಎಮ್ಮೆಲ್ಲೆ ಶಾಲು ಹೊದಿಸಿದರು. ಈ ಕೋಯಿಲನ್ನು ಮೊದಲು ಗುರುತಿಸಿದ ಹಿರಿಯರು ಎಂದರು. ಆಮೇಲೆ ತೀರ್ಥಕ್ಕೆ ಸಾಲು. ಕಮಲಾಕರ ಶಾಲು ಹೊದ್ದುಕೊಂಡೇ ಸಾಲಿನಲ್ಲಿ ನಿಂತ. ಬೀಗ ಹಾಕಿದ ಜಾಲರಿಯ ಕೆಳಗೆ ನೀರು ಹೊಳೆಯುತ್ತಿತ್ತು, ಎಂದಿಗಿಂತ ಎರಡು ಮೊಳ ಮೇಲಕ್ಕೇ ಬಂದಿತ್ತು. ಸೇದುವವರಿಲ್ಲದಿದ್ದರೆ ಏರದೆ ಏನು ಮಾಡುತ್ತದೆ.

ಅರ್ಚಕರು ಉದ್ಧರಣೆಯಲ್ಲಿ ಒಂದು ಚಮಚದಷ್ಟು ನೀರನ್ನು ಅವನ ಅಂಗೈಗೆ ಬಿಟ್ಟರು. ಕುಡಿದ. ಅದೇ ಸಿಹಿ. ಗಂಟಲಿಗೆ ಇಳಿಯುವ ಮೊದಲೇ ಮುಗಿದುಹೋಯಿತು. ಕೈಯನ್ನು ಹಾಗೇ ಚಾಚಿ ನಿಂತ.

"ಮಗು ಇದೆ ಮನೆಯಲ್ಲಿ," ಎಂದ ತಮಿಳಿನಲ್ಲಿ. "ಇನ್ನೊಂದು ಸ್ವಲ್ಪ..."

"ಒಬ್ಬರಿಗೆ ಒಂದೇ ಸಲ ಸಾರ್," ಎಂದರು ಅರ್ಚಕರು, ಬಹಳ ವಿನಯದಿಂದ. "ಹಿಂದೆ ಜನ ಕಾಯ್ತಿದ್ದಾರೆ."

ಕಮಲಾಕರ ಪಕ್ಕಕ್ಕೆ ಸರಿದ. ಶಾಲನ್ನು ತೆಗೆದು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡ. ಪ್ರಸಾದದ ಮೇಜಿನಿಂದ ಒಂದು ಕಾಗದದ ಲೋಟ ಎತ್ತಿಕೊಂಡು, ಮಂಡಿ ಹಿಡಿದುಕೊಂಡು ನಿಧಾನವಾಗಿ ನಡೆದು ಹೋಗಿ, ಗೇಟಿನ ಆಚೆಗೂ ಬೆಳೆದಿದ್ದ ಸಾಲಿನ ಕೊನೆಯಲ್ಲಿ ಮತ್ತೆ ನಿಂತುಕೊಂಡ.