ಆಯುಧಪೂಜೆಯ ಜರಿ ಕಾಗದ

ನನ್ನ ಎರಡೂ ಕಣ್ಣುಗಳು ಒಂದು ವರ್ಷದಿಂದ ಜಗನ್‌ನ ಒಂದು ಮಾತಿನ ಮೇಲೆ ನಿಂತಿದ್ದವು. ಅವನು ‘ಸೇಫ್’ ಎಂದರೆ ನಾನು ಗಾಗಲ್ಸ್ ತೆಗೆಯುತ್ತಿದ್ದೆ. ಅಷ್ಟು ನಂಬಿಕೆಯನ್ನು ನಾನು ನಮ್ಮಪ್ಪನ ಮೇಲೂ ಇಟ್ಟವಳಲ್ಲ.

ಸಿ.ವಿ. ರಾಮನ್ ನಗರದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ, ಧನಲಕ್ಷ್ಮಿ ಮೇಡಂ ಕೈಕೆಳಗೆ ನಾವು ಮಾಡುತ್ತಿದ್ದುದು ಬೆಳಕಿನಿಂದ ಡೆಂಗಿ ಪತ್ತೆ ಹಚ್ಚುವ ಕೆಲಸ. ಚಿನ್ನದ ತೆಳು ಲೇಪವಿರುವ ಗಾಜಿನ ಚಿಪ್ ಮೇಲೆ ರೋಗಿಯ ರಕ್ತದ ಸೀರಂ ಒಂದು ಹನಿ ಬಿಟ್ಟು ಲೇಸರ್ ಹಾಯಿಸಬೇಕು. ರೋಗವಿದ್ದರೆ ಮರಳಿ ಬರುವ ಬೆಳಕಿನಲ್ಲಿ ಕೊಂಚ ವ್ಯತ್ಯಾಸ. ಜಗನ್ ಪಿಎಚ್‌ಡಿ ಮುಗಿಸುವ ಹಂತದಲ್ಲಿದ್ದ, ನಾನು ಎಂ.ಎಸ್ಸಿ. ಪ್ರಾಜೆಕ್ಟಿನವಳು. ಆ ಲೇಸರ್ ಮಹಾ ಕಪಟಿ. ನೋಡಲು ಆರಿಹೋಗುತ್ತಿರುವ ಊದುಬತ್ತಿಯ ತುದಿಯಷ್ಟೇ ಕೆಂಪು. ಕಣ್ಣೊಳಗೆ ಹೊಕ್ಕರೆ ದೃಷ್ಟಿಯನ್ನೇ ಸುಟ್ಟುಬಿಡುತ್ತದೆ. ಆ ಬೆಳಕನ್ನು ತಡೆಯುವ ಗಾಗಲ್ಸ್ ಹಾಕಿದರೆ ಚುಕ್ಕೆ ಕಾಣದು, ಚುಕ್ಕೆ ಕಾಣದೆ ಬೆಳಕನ್ನು ಚಿಪ್‌ನತ್ತ ಹಾಯಿಸುವ ಕನ್ನಡಿಗಳನ್ನು ತಿರುಗಿಸಲಾಗದು. ಹಾಗಾಗಿ ಜಗನ್ ಗಾಗಲ್ಸ್ ತೆಗೆದು ಬೆಳಕನ್ನು ದಾರಿಗೆ ಹಚ್ಚುತ್ತಿದ್ದ. ನಿಯಮಕ್ಕೆ ವಿರುದ್ಧವೇ, ಆದರೆ ಅವನ ಸೀನಿಯರ್ ಕಲಿಸಿದ್ದೂ ಹಾಗೆಯೇ. ಅವನು ಸೇಫ್ ಎಂದ ಮೇಲೆ ನಾನು ಮೇಜಿಗೆ ಮೂಗು ತಾಗುವಷ್ಟು ಬಗ್ಗಿ ಚಿಪ್ ಕೂರಿಸಬೇಕು.

ಆಯುಧಪೂಜೆಯಾದ ಮೇಲೆ ಅವನು ಬದಲಾದ. ಮಾತಾಡುವಾಗ ನನ್ನ ಮುಖ ಬಿಟ್ಟು ಕಿವಿಯ ಕಡೆ ನೋಡುವನು. ಪಿಎಚ್‌ಡಿ ಮುಗಿಯುತ್ತ ಬಂತಲ್ಲ, ಸೊಕ್ಕು ನೆತ್ತಿಗೇರಿದೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಕ್ಯಾಂಟೀನಿನಲ್ಲಿ ಟೀಯನ್ನು ಲೋಟದ ಹೊರಗೆ ಸುರಿದ. ಆಗ ನಕ್ಕೆ. ಸೋಮವಾರ ಮಾತ್ರ ನಗು ಬರಲಿಲ್ಲ. ಅವನು ಸೇಫ್ ಎಂದ ಮೇಲೂ ಆ ಮಂಕು ಚುಕ್ಕೆ ನನ್ನ ಬಿಳಿ ಕೋಟಿನ ಎದೆಯ ಮೇಲೆ ಕೂತಿತ್ತು. ಇನ್ನೊಂದು ಗೇಣು ಬಗ್ಗಿದ್ದರೆ ಕಣ್ಣಿಗೇ ಬೀಳುತ್ತಿತ್ತು. ಹೇಳಿದರೆ, ಕನ್ನಡಿ ಸಡಿಲವಾಗಿರಬೇಕು ಎಂದ.

ಅಂದು ಹಲಸೂರಿನ ನಮ್ಮ ಬಾಡಿಗೆ ಕೋಣೆಯಲ್ಲಿ ನನಗೆ ಊಟ ಸೇರಲಿಲ್ಲ. ಶಹಾಪುರದಿಂದ ಬಂದು, ಕಂಡವರ ಕಟ್ಟಡಗಳಿಗೆ ಇಟ್ಟಿಗೆ ಹೊತ್ತು ನನ್ನನ್ನು ಓದಿಸಿದ ಅವ್ವ ಸಾಬಮ್ಮ ಜ್ವರವಿದೆಯೇನೋ ಎಂದು ಹಣೆ ಮುಟ್ಟಿದಳು. ಒಂದು ಕಣ್ಣು ಮುಚ್ಚಿ ಅವಳ ಮುಖ ನೋಡಿದೆ, ಆಮೇಲೆ ಇನ್ನೊಂದು ಮುಚ್ಚಿ. ಅವ್ವ ಪೂರ್ತಿ ಕಂಡಳು. ಆದರೂ ಹೆದರಿಕೆ ಬಿಡಲಿಲ್ಲ.

ಮರುದಿನ ಜಗನ್ ಅತ್ತ ತಿರುಗಿದಾಗ, ಅವನನ್ನು ಪರೀಕ್ಷಿಸಲೆಂದೇ ಲೇಸರ್ ಆರಿಸಿ, ಅದರ ಚಾವಿ ಕಿತ್ತು ಮುಷ್ಟಿಯಲ್ಲಿಟ್ಟುಕೊಂಡೆ. ಅವನು ಗಾಗಲ್ಸ್ ಹಣೆಗೇರಿಸಿ, ಚುಕ್ಕೆ ಬೀಳುವ ಜಾಗಕ್ಕೆ ಬಿಳಿ ಕಾರ್ಡು ಹಿಡಿದು, ಒಂದು ಕನ್ನಡಿ ತಿರುಗಿಸಿದ, ಇನ್ನೊಂದು ತಿರುಗಿಸಿದ. ಬರೀ ಕಾರ್ಡನ್ನೇ ದಿಟ್ಟಿಸಿದ.

“ಸೆಂಟರ್‌ಗೆ ಬಂತು. ಸೇಫ್, ತೆಗಿ ಗಾಗಲ್ಸ್” ಎಂದ.

ನಾನು ಗಾಗಲ್ಸ್ ತೆಗೆಯಲಿಲ್ಲ.

“ಜಗನಣ್ಣ, ಚಾವಿ ನನ್ನ ಕೈಯಾಗ ಅದ. ಲೇಸರ್ ಹತ್ತೇ ಇಲ್ಲ.”

ಅವನು ಸ್ಟೂಲು ತಡಕಿ ಕೂತ. ಆಮೇಲೆ ಮೆಲ್ಲಗೆ ಎಲ್ಲ ಹೇಳಿದ. ಪೂಜೆಗೆಂದು ಮೇಜಿನ ತುಂಬ ಜರಿ ಕಾಗದ ಅಂಟಿಸಿದ್ದು ಅವನೇ. ಬಿಚ್ಚುವಾಗ ಒಂದು ಚೂರು ಕನ್ನಡಿಯ ಅಂಚಿನಲ್ಲಿ ಉಳಿದಿತ್ತು. ಲೇಸರ್ ಹಚ್ಚಿದ್ದೇ ಅದಕ್ಕೆ ತಾಗಿ ಅವನ ಬಲಗಣ್ಣಿಗೆ ಬಡಿಯಿತು. ಏನದು ಎಂದು ತಲೆ ಹೊರಳಿಸಿದಾಗ ಎಡಗಣ್ಣಿಗೆ. ಕಣ್ಣ ಮುಂದೆ ಉಳಿದುಬಿಟ್ಟ ಚುಕ್ಕೆ ತಾನಾಗಿ ಹೋಗುತ್ತದೆ ಎಂದು ಕಾದನಂತೆ. ಡಾಕ್ಟರ ಬಳಿಯೂ ಹೋಗಿಲ್ಲ. ಗೊತ್ತಾದರೆ ಲ್ಯಾಬಿಗೆ ಬೀಗ ಬಿದ್ದು ಥೀಸಿಸ್ ನಿಂತೇಹೋಗುತ್ತದಲ್ಲ.

“ಆಫ್ ಮಾಡಿದ್ರೂ ಚುಕ್ಕೆ ಕಾಣತ್ತೆ ಕಾವೇರಿ. ಗೋಡೆ ಮೇಲೂ ಇದೆ, ನಿನ್ನ ಮುಖದ ಮೇಲೂ ಇದೆ.”

ಅಯ್ಯೋ ಪಾಪ ಎನಿಸಿ ಅಳು ಬಂತು. ಅಷ್ಟರಲ್ಲಿ ಅವನು ಕೈ ಚಾಚಿದ.

“ಮೇಡಂಗೆ ಹೇಳ್ಬೇಡ, ಒಂದೇ ತಿಂಗಳು. ಇನ್ಮೇಲೆ ನೀನು ಗಾಗಲ್ಸ್ ತೆಗೆದು ಚುಕ್ಕೆ ನೋಡಿ ಹೇಳು, ನಾನು ಕನ್ನಡಿ ತಿರುಗಿಸ್ತೀನಿ. ಕೀ ಕೊಡು.”

ಕರುಣೆಯೆಲ್ಲ ಒಮ್ಮೆಗೇ ಇಂಗಿಹೋಯಿತು. ಅವನ ಕೈ ನನ್ನ ಮುಷ್ಟಿಯತ್ತ ಬಂದಿರಲಿಲ್ಲ, ಪಕ್ಕದ ಗಾಳಿಯಲ್ಲಿತ್ತು. ನಾನು ಓಡಿದೆ. ಮೇಡಂ ಕೋಣೆಯ ಮುಂದೆ ನಿಂತು, ಒಂದು ಕಣ್ಣು ಮುಚ್ಚಿ ಬಾಗಿಲ ಮೇಲಿನ ಹೆಸರು ಓದಿದೆ, ಆಮೇಲೆ ಇನ್ನೊಂದು ಮುಚ್ಚಿ. ಎಲ್ಲ ಅಕ್ಷರಗಳೂ ಇದ್ದವು. ಖುಷಿಯಾಯಿತು, ಆ ಖುಷಿಗೆ ನಾಚಿಕೆಯೂ ಆಯಿತು. ಹಿಂದಿನಿಂದ ಜಗನ್ ಗೋಡೆ ಸವರಿಕೊಂಡು, ನನ್ನ ಹೆಸರು ಕರೆಯುತ್ತ ಬರುತ್ತಿದ್ದ. ಬಾಗಿಲು ತಟ್ಟಿದೆ.